ಲೇಬಲ್ 20,000 ಡಾಲರ್ ಕೊಡುತ್ತೇವೆ ಅಂದಿದೆ, ಮಗಳು ಸಹಿ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಶಿವಮೊಗ್ಗ ಕಡೆಯವರು. 27 ವರ್ಷದಿಂದ ಅಮೆರಿಕದಲ್ಲಿದ್ದೇವೆ, ಈಗ ಟೆಕ್ಸಸ್‌ನ ಆಸ್ಟಿನ್ ಹತ್ತಿರ ಮನೆ. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ಬರುವ ನವೆಂಬರ್‌ಗೆ 26 ತುಂಬುತ್ತದೆ. ಕಂಪ್ಯೂಟರ್ ಡಿಗ್ರಿ ಮಾಡಿ ಒಂದೂವರೆ ವರ್ಷ ಒಳ್ಳೆಯ ಕೆಲಸದಲ್ಲಿದ್ದಳು, ಬಿಟ್ಟಳು. ಈಗ ತಾನೇ ಇಂಗ್ಲಿಷಿನಲ್ಲಿ ಹಾಡು ಬರೆದು ಗಿಟಾರ್ ಹಿಡಿದು ಹಾಡುತ್ತಾಳೆ. ಖರ್ಚಿಗೆ ಅಂತ ವಾರಕ್ಕೆ 25 ಗಂಟೆ ಕಾಫಿ ಅಂಗಡಿಯಲ್ಲಿ ದುಡಿಯುತ್ತಾಳೆ. ಅವಳ 8 ಹಾಡು ಆನ್‌ಲೈನ್‌ನಲ್ಲಿವೆ. ಕಳೆದ ವರ್ಷ ಎಲ್ಲ ಸೇರಿ 3 ಲಕ್ಷ ಸಲ ಜನ ಕೇಳಿದ್ದಾರೆ. ಬಂದ ದುಡ್ಡು 1,040 ಡಾಲರ್. ಈಗ ಒಂದು ಸಣ್ಣ ಲೇಬಲ್, ಅಂದರೆ ಹಾಡು ರೆಕಾರ್ಡ್ ಮಾಡಿಸಿ ಮಾರುವ ಕಂಪನಿ, 20,000 ಡಾಲರ್ ಅಡ್ವಾನ್ಸ್, 16% ರಾಯಲ್ಟಿ ಅಂತ ಕಾಂಟ್ರಾಕ್ಟ್ ಕಳಿಸಿದೆ. ಒಂದು ಆಲ್ಬಮ್, ಅದರ ಮೇಲೆ ಎರಡು ‘ಆಪ್ಷನ್’ ಅಂತೆ. 10 ದಿನದಲ್ಲಿ ಸಹಿ ಬೇಕಂತೆ. ಇನ್ನೊಬ್ಬ 2,500 ಡಾಲರ್ ಕೊಟ್ಟರೆ ದೊಡ್ಡ ಪ್ಲೇಲಿಸ್ಟ್‌ಗಳಿಗೆ ಹಾಕಿಸುತ್ತೇನೆ ಅನ್ನುತ್ತಾನೆ. ಆಲ್ಬಮ್ ಓಡದಿದ್ದರೆ 20,000 ನಾವು ವಾಪಸ್ ಕಟ್ಟಬೇಕಾ? ಸಹಿ ಹಾಕದಿದ್ದರೆ, ಲೇಬಲ್ ಇಲ್ಲದೆ ಈ ದೇಶದಲ್ಲಿ ಹಾಡಿಕೊಂಡು ಬದುಕಿದವರು ಇದ್ದಾರಾ? ಮನೆ ಮೇಲೆ 60,000 ಸಾಲ ತೆಗೆದು ನಾನೇ ಹಾಕಲಾ? ‘ಸುಮ್ನೆ ಕೆಲಸಕ್ಕೆ ವಾಪಸ್ ಹೋಗು’ ಅಂತ ನನ್ನ ಹೆಂಡತಿ ದಿನಾ ಹೇಳುತ್ತಾಳೆ. ಮನೆಯಲ್ಲಿ ಊಟದ ಹೊತ್ತಿಗೆ ಮಾತೇ ಇಲ್ಲದಂತಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಕಲೆತುಹೋಗಿವೆ. ಒಂದು, ಮಗಳು ಈ ಕಾಗದಕ್ಕೆ ಸಹಿ ಹಾಕಿ ಕೆಡುತ್ತಾಳಾ ಅನ್ನುವುದು. ಇನ್ನೊಂದು, ಸಹಿ ಹಾಕದೆ ಕೆಡುತ್ತಾಳಾ ಅನ್ನುವುದು. ನಾನು ನ್ಯಾಶ್‌ವಿಲ್‌ನಲ್ಲಿ 18 ವರ್ಷದಿಂದ ಹಾಡುಗಾರರ ಲೆಕ್ಕಪತ್ರ ನೋಡುತ್ತಿದ್ದೇನೆ. ಅವಳ ಹಾಡು ಚೆನ್ನಾಗಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸವಲ್ಲ. ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಗೊತ್ತು. ಅಷ್ಟನ್ನು ಹೇಳುತ್ತೇನೆ. ಮಗಳೂ ಓದಲಿ.

ಮೊದಲು ಆ 20,000ದ ಮಾತು. ಅಡ್ವಾನ್ಸ್ ಬ್ಯಾಂಕ್ ಸಾಲದ ಹಾಗಲ್ಲ. ಆಲ್ಬಮ್ ಮುಗಿಸಿಕೊಟ್ಟು ಅದು ಓಡದಿದ್ದರೆ, ಸಾಮಾನ್ಯ ಕಾಂಟ್ರಾಕ್ಟ್‌ಗಳಲ್ಲಿ ಯಾರೂ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಆ ನಷ್ಟ ಲೇಬಲ್‌ನದ್ದು. ಆ ವಿಷಯದಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಅದು ಬಹುಮಾನವೂ ಅಲ್ಲ. ಮುಂದೆ ಅವಳಿಗೆ ಬರಬೇಕಾದ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ದುಡ್ಡು. ಹೇಗೆ ಮುರಿದುಕೊಳ್ಳುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ.

ಅಡ್ವಾನ್ಸ್‌ನಲ್ಲೇ ರೆಕಾರ್ಡಿಂಗ್ ಖರ್ಚು ಸೇರಿರುತ್ತದೆ ಅಂದುಕೊಳ್ಳಿ. ಸ್ಟುಡಿಯೋ, ವಾದ್ಯದವರು, ಮಿಕ್ಸಿಂಗ್ ಅಂತ 12,000 ಹೋಯಿತು. ಕೈಯಲ್ಲಿ ಉಳಿದದ್ದು 8,000. ಅದರ ಬಹುಪಾಲಿನ ಮೇಲೆ ಸ್ವಂತ ದುಡಿಮೆಯ ತೆರಿಗೆ 15.3%. ಅದೇ ಸುಮಾರು 1,130 ಡಾಲರ್ ಆಗುತ್ತದೆ. ಆಮೇಲೆ ಲೇಬಲ್ ವಿಡಿಯೋಗೆ, ಪ್ರಚಾರಕ್ಕೆ ಇನ್ನೊಂದು 5,000 ಹಾಕಿ ಅದನ್ನೂ ಅವಳ ಲೆಕ್ಕಕ್ಕೇ ಬರೆಯುತ್ತದೆ. ಒಟ್ಟು 25,000. ಈ ಮೊತ್ತ ತೀರಬೇಕಾದ್ದು ಲೇಬಲ್‌ಗೆ ಬರುವ ಪೂರ್ತಿ ಹಣದಿಂದಲ್ಲ, ಅವಳ 16% ಪಾಲಿನಿಂದ. ಅಂದರೆ ಆಲ್ಬಮ್ 1,56,250 ಡಾಲರ್ ದುಡಿಯುವವರೆಗೆ ಅವಳಿಗೆ ರಾಯಲ್ಟಿ ಸೊನ್ನೆ. ಈಗಿನ ಅವಳ ದರದಲ್ಲಿ, ಅಂದರೆ 3 ಲಕ್ಷಕ್ಕೆ 1,040, ಆನ್‌ಲೈನ್ ಕೇಳುವಿಕೆ, ಅಂದರೆ ಸ್ಟ್ರೀಮಿಂಗ್ ಒಂದರಿಂದಲೇ ಅಷ್ಟು ಬರಬೇಕಾದರೆ ಸುಮಾರು ನಾಲ್ಕೂವರೆ ಕೋಟಿ ಸಲ ಜನ ಕೇಳಬೇಕು.

ಅದೇ 25,000ವನ್ನು ಅವಳೇ ಹಾಕಿ, ಹಾಡನ್ನು ಆನ್‌ಲೈನ್ ಸೇವೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ 15% ಇಟ್ಟುಕೊಂಡರೂ, ಸುಮಾರು 29,400 ಡಾಲರ್ ಬಂದಾಗ ಅಸಲು ಗಿಟ್ಟುತ್ತದೆ. ಅಲ್ಲಿಂದ ಮುಂದೆ ಬರುವುದೆಲ್ಲ ಅವಳದ್ದೇ. ಇದನ್ನು ಓದಿ ‘ಹಾಗಾದರೆ ಮನೆ ಮೇಲೆ ಸಾಲ ತೆಗೆಯುತ್ತೇನೆ’ ಅಂತ ಏಳಬೇಡಿ. 29,400 ಬರಲಿಕ್ಕೂ ಸುಮಾರು 85 ಲಕ್ಷ ಸಲ ಕೇಳಬೇಕು. ಈಗ ಕೇಳುತ್ತಿರುವುದು ವರ್ಷಕ್ಕೆ 3 ಲಕ್ಷ. ಈ ಹಂತದಲ್ಲಿ ಯಾರ ದುಡ್ಡೇ ಆಗಲಿ, ಆಲ್ಬಮ್‌ಗೆ 25,000 ಹಾಕುವುದೇ ಜಾಸ್ತಿ.

ನಿಮ್ಮ ಕಾಂಟ್ರಾಕ್ಟ್‌ನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು 16% ಅಲ್ಲ. ಮಾಸ್ಟರ್ ಯಾರ ಹೆಸರಿಗೆ ಅನ್ನುವುದು. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಬರೆದ ಸಾಹಿತ್ಯ, ಕಟ್ಟಿದ ರಾಗ ಸೇರಿ ಒಂದು. ಅದನ್ನು ಹಾಡಿ ರೆಕಾರ್ಡ್ ಮಾಡಿದ್ದು ಇನ್ನೊಂದು; ಇದಕ್ಕೇ ಮಾಸ್ಟರ್ ಅನ್ನುವುದು. ಹಾಡುವವರಿಗೆ ಒಂದು ಸಲ ದುಡ್ಡು ಕೊಟ್ಟರೆ ಕೆಲಸ ಮುಗಿಯಿತು ಅನ್ನುವ ಸಿನಿಮಾ ಹಾಡಿನ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಅದಕ್ಕೇ ಈ ಎರಡು ಆಸ್ತಿಯ ವಿಷಯ ನಮ್ಮವರಿಗೆ ತಟ್ಟನೆ ಹೊಳೆಯುವುದಿಲ್ಲ. ನಿಮ್ಮ ಮಗಳದು ಹಾಗಲ್ಲ. ಬರೆದವಳೂ ಅವಳೇ, ಹಾಡಿದವಳೂ ಅವಳೇ. ಇವತ್ತಿಗೆ ಎರಡೂ ಅವಳ ಹೆಸರಲ್ಲೇ ಇವೆ. ಅವಳ ಹತ್ತಿರ ಆಸ್ತಿ ಅಂತ ಇರುವುದು ಅದೊಂದೇ.

ಹೊಲವನ್ನು ಶುದ್ಧ ಕ್ರಯಕ್ಕೆ ಕೊಡುವುದು ಬೇರೆ, ಗುತ್ತಿಗೆಗೆ ಕೊಡುವುದು ಬೇರೆ. ನೀವು ಕಳಿಸಿದ ಪುಟಗಳಲ್ಲಿ ಇರುವುದು ಕ್ರಯ. ಅವಳು ಮಾಡುವ ರೆಕಾರ್ಡಿಂಗ್ ಎಲ್ಲ ಲೇಬಲ್‌ನ ಸ್ವತ್ತು, ಅವಳು ಕೂಲಿಗೆ ಮಾಡಿಕೊಟ್ಟ ಕೆಲಸ ಅಂತ ಬರೆದಿದ್ದಾರೆ. ಈ ‘ಕೂಲಿಗೆ ಮಾಡಿಕೊಟ್ಟದ್ದು’ ಅನ್ನುವ ಮಾತು ಸುಮ್ಮನೆ ಬಂದದ್ದಲ್ಲ. ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ, ಕಲಾವಿದರು ಬರೆದುಕೊಟ್ಟ ಹಕ್ಕನ್ನು 35 ವರ್ಷದ ಮೇಲೆ ನೋಟಿಸ್ ಕೊಟ್ಟು ವಾಪಸ್ ಪಡೆಯುವ ಅವಕಾಶ ಇದೆ. ಕೂಲಿಗೆ ಮಾಡಿದ್ದು ಅಂತಾದರೆ ಆ ಅವಕಾಶವೂ ಇಲ್ಲ. ಇದ್ದರೂ ಎಷ್ಟು ಪ್ರಯೋಜನ ಹೇಳಿ. 25ಕ್ಕೆ ಕೊಟ್ಟದ್ದು 60ಕ್ಕೆ ಕೈ ಸೇರುತ್ತದೆ.

ನನ್ನ ಹತ್ತಿರ ಲೆಕ್ಕಕ್ಕೆ ಬರುವ ಒಬ್ಬ ಗಾಯಕಿ ಹೀಗೇ ಎರಡು ಆಲ್ಬಮ್ ಬರೆದುಕೊಟ್ಟಿದ್ದರು. ಆ ಲೇಬಲ್ ಬಾಗಿಲು ಹಾಕಿತು. ಅದರ ಆಸ್ತಿಯನ್ನು ಯಾರೋ ಕೊಂಡರು, ಅವರಿಂದ ಇನ್ಯಾರೋ ಕೊಂಡರು. ಈಗಲೂ ಪ್ರತಿ ಕಾರ್ಯಕ್ರಮದಲ್ಲಿ ಜನ ಕೇಳುವುದು ಆ ಎರಡು ಆಲ್ಬಮ್‌ನ ಹಾಡುಗಳನ್ನೇ. ಅವರು ಹಾಡುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಮೇಲೆ ಇಟ್ಟು ಮಾರಲು ಮಾತ್ರ ಆ ಆಲ್ಬಮ್ ಅವರ ಬಳಿ ಇಲ್ಲ. ಒಂದು ವರ್ಷ ಹಳೇ ಸಿಡಿಗಳನ್ನು ಅಂಗಡಿಗಳಿಂದ ಕೊಂಡು ತಂದು ಮಾರಿದರು. ಆ ರಸೀದಿಗಳನ್ನು ಖರ್ಚಿನ ಲೆಕ್ಕಕ್ಕೆ ಬರೆದವಳು ನಾನೇ.

‘ಆಪ್ಷನ್’ ಅನ್ನುವುದೂ ಕಿವಿಗೆ ಮಾತ್ರ ಹಿತ. ಆಯ್ಕೆ ಇರುವುದು ಲೇಬಲ್‌ಗೆ, ಅವಳಿಗಲ್ಲ. ಮೊದಲ ಆಲ್ಬಮ್ ಓಡಿದರೆ ಇನ್ನೆರಡನ್ನು ಅವರಿಗೇ ಮಾಡಿಕೊಡಬೇಕು, ಹೆಚ್ಚುಕಡಿಮೆ ಇದೇ ದರಕ್ಕೆ. ಓಡದಿದ್ದರೆ ಅವರು ಕೈತೊಳೆದುಕೊಳ್ಳಬಹುದು. ಆಲ್ಬಮ್ ಯಾವಾಗ ಬಿಡುಗಡೆ ಮಾಡಬೇಕು ಅನ್ನುವುದಕ್ಕೆ ನೀವು ಕಳಿಸಿದ ಪುಟಗಳಲ್ಲಿ ಗಡುವೇ ಇಲ್ಲ. ಅವಳ ಸಹಿಗೆ 10 ದಿನ ಗಡುವು, ಅವರ ಬಿಡುಗಡೆಗೆ ಗಡುವಿಲ್ಲ! ನನಗಂತೂ ನಗು ಬಂತು.

ಇನ್ನು ಲೇಬಲ್ ಇಲ್ಲದೆ ಬದುಕಿದವರ ಮಾತು. ಇದ್ದಾರೆ. ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಗಾಯಕಿ ಆನಿ ಡಿಫ್ರಾಂಕೊ ಹುಟ್ಟಿದ್ದು 1970ರಲ್ಲಿ. 1990ರಲ್ಲಿ ತಮ್ಮ ಮೊದಲ ಆಲ್ಬಮ್ಮನ್ನು ತಮ್ಮದೇ ಲೇಬಲ್‌ನಿಂದ ಹೊರತಂದರು. ಅದೇ ಮುಂದೆ ರೈಟಿಯಸ್ ಬೇಬ್ ರೆಕಾರ್ಡ್ಸ್ ಆಯಿತು. ಕಾರಿನಲ್ಲಿ ಕ್ಯಾಸೆಟ್ ತುಂಬಿಕೊಂಡು ಕಾಲೇಜಿಂದ ಕಾಲೇಜಿಗೆ, ಕಾಫಿ ಹೌಸ್‌ನಿಂದ ಕಾಫಿ ಹೌಸ್‌ಗೆ ಹಾಡುತ್ತಾ ಮಾರುತ್ತಾ ಸುತ್ತಿದರು. ದೊಡ್ಡ ಲೇಬಲ್‌ಗಳು ಕರೆದವು, ಅವರು ಹೋಗಲಿಲ್ಲ. 1997ರಲ್ಲಿ ಬಂದ ಅವರ ಸಂಗೀತ ಕಛೇರಿಗಳ ಧ್ವನಿಮುದ್ರಣದ ಆಲ್ಬಮ್‌ಗೆ ಭಾರಿ ಮಾರಾಟಕ್ಕೆ ಕೊಡುವ ಗೋಲ್ಡ್ ಪ್ರಮಾಣಪತ್ರ ಸಿಕ್ಕಿತು. ಮುಂದಿನ ವರ್ಷದ ಆಲ್ಬಮ್ ಬಂದ ವಾರವೇ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 22ನೇ ಸ್ಥಾನಕ್ಕೆ ಹೋಯಿತು. ಒಂದು ಆಲ್ಬಮ್ ಮಾರಿದರೆ ದೊಡ್ಡ ಲೇಬಲ್‌ನ ತಾರೆಯರಿಗಿಂತ ಇವರಿಗೇ ಜಾಸ್ತಿ ಉಳಿಯುತ್ತದೆ ಅಂತ ಪತ್ರಿಕೆಗಳು ಬರೆದವು. ಅದನ್ನು ಓದಿ ಅವರಿಗೆ ಬೇಜಾರಾಯಿತು. ನನ್ನ ಹಾಡು ಬಿಟ್ಟು ದುಡ್ಡಿನ ಲೆಕ್ಕವನ್ನೇ ಬರೆಯುತ್ತೀರಲ್ಲ ಅನ್ನುವ ಅರ್ಥದಲ್ಲಿ ‘ಮಿಜ್’ (Ms.) ಅನ್ನುವ ಮಹಿಳಾ ಪತ್ರಿಕೆಗೆ ಬಹಿರಂಗ ಪತ್ರವನ್ನೇ ಬರೆದರು. ಲೆಕ್ಕ ಬರೆಯುವವಳಾದ ನನಗೆ ಆ ಪತ್ರ ಸ್ವಲ್ಪ ಚುಚ್ಚುತ್ತದೆ. ಆದರೂ ಇಷ್ಟ.

ಅವರ ಕಥೆಯನ್ನು ‘ಒಬ್ಬಳೇ ಎಲ್ಲವನ್ನೂ ಮಾಡಿದಳು’ ಅಂತ ಹೇಳುವುದು ವಾಡಿಕೆ. ಅದು ಸರಿಯಲ್ಲ. ಅವರಿಗೆ ಮ್ಯಾನೇಜರ್ ಇದ್ದರು, ಬಫಲೋದಲ್ಲಿ ಆಫೀಸು, ಸಿಬ್ಬಂದಿ, ಅಂಗಡಿಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಇದ್ದರು. ಆ ಊರಿನಲ್ಲಿ ಕೆಡವುವ ಹಂತಕ್ಕೆ ಬಂದಿದ್ದ ಹಳೇ ಚರ್ಚನ್ನು ಉಳಿಸಿ ಆಫೀಸು, ಸಭಾಂಗಣ ಮಾಡಿಕೊಂಡರು. ಇಂಡಿಪೆಂಡೆಂಟ್ ಅಂದರೆ ಒಂಟಿ ಅಂತಲ್ಲ. ಕೆಲಸಕ್ಕೆ ಜನ ಇರುತ್ತಾರೆ, ಹಕ್ಕುಪತ್ರ ಮಾತ್ರ ತನ್ನ ಹೆಸರಲ್ಲಿರುತ್ತದೆ.

ಆದರೆ ಡಿಫ್ರಾಂಕೊ ಉದಾಹರಣೆ ನಿಮ್ಮ ಮಗಳಿಗೆ ಪೂರ್ತಿ ಹೊಂದುವುದಿಲ್ಲ. ಆಗ ಕ್ಯಾಸೆಟ್, ಸಿಡಿ ಮಾರಾಟದಲ್ಲೇ ದುಡ್ಡಿತ್ತು. ಈಗ ಅದು ಇಲ್ಲ. ಅದಕ್ಕೆ ಇನ್ನೊಬ್ಬರನ್ನು ನೋಡಿ. ವರ್ಮಾಂಟ್‌ನ ಗಾಯಕಿ ಅನೇಯಿಸ್ ಮಿಚೆಲ್. ಹುಟ್ಟಿದ್ದು 1981ರಲ್ಲಿ. ಮೊದಲ ಆಲ್ಬಮ್ಮನ್ನು ತಾವೇ ತಂದರು. 2003ರಲ್ಲಿ ಕೆರ್‌ವಿಲ್ ಜಾನಪದ ಉತ್ಸವದ ‘ನ್ಯೂ ಫೋಕ್’ ಹಾಡು ಬರೆಯುವ ಸ್ಪರ್ಧೆಯಲ್ಲಿ ಗೆದ್ದರು. ಕೆರ್‌ವಿಲ್ ನಿಮ್ಮ ಮನೆಯಿಂದ ಎರಡು ಗಂಟೆ ದಾರಿ, ಗೊತ್ತಲ್ಲ? 1972ರಿಂದ ನಡೆಯುತ್ತಿರುವ ಉತ್ಸವ. 2006ರಲ್ಲಿ ಮಿಚೆಲ್ ತಮ್ಮೂರ ಕಡೆ ಗೆಳೆಯರನ್ನು ಸೇರಿಸಿ ಗ್ರೀಕ್ ಪುರಾಣದ ಕಥೆ ಇಟ್ಟುಕೊಂಡು ಒಂದು ಹಾಡಿನ ನಾಟಕ ಆಡಿಸಿದರು. 2010ರಲ್ಲಿ ಅದು ಆಲ್ಬಮ್ ಆಯಿತು. ತಂದದ್ದು ಯಾರು? ಡಿಫ್ರಾಂಕೊ ಅವರ ಅದೇ ರೈಟಿಯಸ್ ಬೇಬ್. ಆ ನಾಟಕವೇ ‘ಹೇಡೀಸ್‌ಟೌನ್’. 2019ರಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇಗೆ ಬಂತು, ನಾಟಕರಂಗದ 8 ಟೋನಿ ಪ್ರಶಸ್ತಿ ಗೆದ್ದಿತು. 2024ರಲ್ಲಿ ಡಿಫ್ರಾಂಕೊ ಅವರೇ ಅದರಲ್ಲಿ ಪಾತ್ರ ಮಾಡಿದರು.

ಇದನ್ನು ನಿಮಗೆ ಆಸೆ ಹುಟ್ಟಿಸಲು ಹೇಳಲಿಲ್ಲ. ಬ್ರಾಡ್‌ವೇ ಎಲ್ಲರಿಗೂ ಬರುವುದಿಲ್ಲ. ಹೇಳಿದ್ದು ಎರಡು ಕಾರಣಕ್ಕೆ. 2006ರಿಂದ 2019ಕ್ಕೆ 13 ವರ್ಷ. ಈ ದಾರಿಯಲ್ಲಿ ಗೆದ್ದವರಿಗೂ ಅಷ್ಟು ಕಾಲ ಹಿಡಿಯುತ್ತದೆ. ಎರಡನೆಯದು, ಸಣ್ಣ ಲೇಬಲ್ ಅಂದರೆಲ್ಲ ಮೋಸವಲ್ಲ. ಸರಿಯಾದ ಲೇಬಲ್ ಸಿಕ್ಕರೆ ಅದು ಬಂಧುವಿನ ಹಾಗೆ ಬೆನ್ನಿಗೆ ನಿಲ್ಲುತ್ತದೆ. ನಾನು ಲೇಬಲ್ ಬೇಡ ಅನ್ನುತ್ತಿಲ್ಲ, ಈ ಕಾಗದ ಬೇಡ ಅನ್ನುತ್ತಿದ್ದೇನೆ.

ಹಾಗಾದರೆ ದುಡ್ಡು ಎಲ್ಲಿಂದ ಬರುತ್ತದೆ? ನನ್ನ ಕಡತಗಳಲ್ಲಿ ನೋಡಿದರೆ, ಹೊಟ್ಟೆ ತುಂಬಿಸಿಕೊಳ್ಳುತ್ತಿರುವ ಹಾಡುಗಾರರಿಗೆ ಬರುವುದು ಹತ್ತಾರು ಕಡೆಯಿಂದ ಚಿಲ್ಲರೆ ಚಿಲ್ಲರೆಯಾಗಿ. ಮನೆ ಕಛೇರಿ ಅನ್ನುವುದು ಅದರಲ್ಲೊಂದು. ಯಾರದೋ ಮನೆಯ ಹಾಲ್‌ನಲ್ಲಿ 35 ಜನ ಕೂತು ತಲೆಗೆ 20 ಡಾಲರ್ ಕೊಟ್ಟರೆ ಒಂದು ಸಂಜೆಗೆ 700 ಡಾಲರ್. ಸ್ಟ್ರೀಮಿಂಗ್‌ನಲ್ಲಿ ಅಷ್ಟು ಬರಲು ಅವಳ ಹಾಡನ್ನು 2 ಲಕ್ಷ ಸಲ ಕೇಳಬೇಕು. ಜತೆಗೆ ನಾಲ್ಕು ಟೀಶರ್ಟ್, ಹತ್ತು ಸಿಡಿ ಹೋಗುತ್ತವೆ. ಬ್ಯಾಂಡ್‌ಕ್ಯಾಂಪ್‌ನಂಥ ವೆಬ್‌ಸೈಟ್‌ನಲ್ಲಿ ಅಭಿಮಾನಿಗಳು ನೇರವಾಗಿ ಕೊಳ್ಳುತ್ತಾರೆ. ಅಲ್ಲಿ ಡಿಜಿಟಲ್ ಮಾರಾಟಕ್ಕೆ ಹಿಡಿದುಕೊಳ್ಳುವುದು ಸಾಮಾನ್ಯವಾಗಿ 15%. ಅಭಿಮಾನಿಗಳಿಂದ ಮೊದಲೇ ದುಡ್ಡು ತೆಗೆದುಕೊಂಡು ಆಲ್ಬಮ್ ಮಾಡುವುದೂ ಹೊಸದಲ್ಲ. ಒಂದು ಕಾಲದಲ್ಲಿ ಅಂಚೆ ಹಂಚುತ್ತಿದ್ದ ಗಾಯಕ ಜಾನ್ ಪ್ರೈನ್ ದೊಡ್ಡ ಲೇಬಲ್ ಬಿಟ್ಟು 1981ರಲ್ಲಿ ಓ ಬಾಯ್ ರೆಕಾರ್ಡ್ಸ್ ಕಟ್ಟಿದಾಗ, ಜನ ಅಂಚೆಯಲ್ಲಿ ಚೆಕ್ ಕಳಿಸಿದ್ದರು. ಕಂಪ್ಯೂಟರೂ ಇಲ್ಲ, ಏನೂ ಇಲ್ಲ.

ಮಗಳಿಗೆ ನೇರವಾಗಿ ಒಂದು ಮಾತು ಕೇಳಬೇಕು. ಡಿಸ್ಟ್ರಿಬ್ಯೂಟರ್ ಬಿಟ್ಟು ಬೇರೆ ಎಲ್ಲಾದರೂ ಹೆಸರು ನೋಂದಾಯಿಸಿದ್ದೀಯಾ? ಇಲ್ಲ ಅಂತಲೇ ನನ್ನ ಊಹೆ. ಅಲ್ಲಿಂದ ಬರುವುದು ರೆಕಾರ್ಡಿಂಗ್ ಲೆಕ್ಕದ ದುಡ್ಡು ಮಾತ್ರ. ಹಾಡು ಬರೆದವಳಿಗೆ ಬರಬೇಕಾದ್ದು ಬೇರೆ. ಸ್ಟ್ರೀಮಿಂಗ್‌ನ ಮೆಕ್ಯಾನಿಕಲ್ ರಾಯಲ್ಟಿ, ಅಂದರೆ ಹಾಡಿನ ನಕಲಿಗೆ ಬರೆದವರಿಗೆ ಸಲ್ಲುವ ಹಣವನ್ನು 2021ರಿಂದ ಎಂಎಲ್‌ಸಿ ಅನ್ನುವ ಸಂಸ್ಥೆ ಹಂಚುತ್ತದೆ, ಸೇರಲು ಶುಲ್ಕ ಇಲ್ಲ. ಸಾರ್ವಜನಿಕವಾಗಿ ಹಾಡಿದ್ದಕ್ಕೆ, ನುಡಿಸಿದ್ದಕ್ಕೆ ಬರೆದವರ ಪಾಲು ಕೊಡಿಸುವ ಸಂಸ್ಥೆಗಳು ಆಸ್ಕ್ಯಾಪ್ ಅಥವಾ ಬಿಎಂಐ, ಎರಡರಲ್ಲಿ ಒಂದಕ್ಕೆ ಸೇರಬೇಕು. ಇಂಟರ್ನೆಟ್ ಮತ್ತು ಸ್ಯಾಟಲೈಟ್ ರೇಡಿಯೋದ ಪಾಲು ಇನ್ನೊಂದು ಸಂಸ್ಥೆಯಾದ ಸೌಂಡ್‌ಎಕ್ಸ್‌ಚೇಂಜ್‌ನಿಂದ ಬರುತ್ತದೆ. ಅದರಲ್ಲಿ 50% ಮಾಸ್ಟರ್ ಇರುವವರಿಗೆ, 45% ಹಾಡಿದವರಿಗೆ, 5% ಪಕ್ಕವಾದ್ಯ, ಹಿನ್ನೆಲೆ ದನಿಯವರಿಗೆ. ನಿನ್ನ ವಿಷಯದಲ್ಲಿ 95% ನಿನ್ನದೇ. ಮಾಸ್ಟರ್ ಮಾರಿದರೆ ಅಲ್ಲೂ ಅರ್ಧ ಹೋಯಿತು. ಈಗ ದೊಡ್ಡ ಮೊತ್ತವೇನೂ ಇರಲಾರದು. ಆದರೆ ಕಟ್ಟಿಟ್ಟ ಬುತ್ತಿ ಬಿಟ್ಟು ಬರುವುದು ಯಾಕೆ? ಇದನ್ನು ಹೇಳುವ ಹಕ್ಕು ನನಗಿದೆ. ನನ್ನ ಮೊದಲ ವರ್ಷದಲ್ಲಿ ಒಬ್ಬರಿಗೆ ‘ಎಲ್ಲ ಡಿಸ್ಟ್ರಿಬ್ಯೂಟರ್ ನೋಡಿಕೊಳ್ಳುತ್ತಾರೆ’ ಅಂತ ನಾನೇ ತಪ್ಪು ಹೇಳಿ ಎರಡು ವರ್ಷದ ದುಡ್ಡು ತಡ ಮಾಡಿದ್ದೇನೆ.

ಆ 2,500 ಡಾಲರ್‌ನ ಪ್ಲೇಲಿಸ್ಟ್ ಮನುಷ್ಯನಿಗೆ ಉತ್ತರವನ್ನೇ ಬರೆಯಬೇಡಿ. ಅವನು ಕೊಡುವುದು ಕೇಳುಗರನ್ನಲ್ಲ, ಯಂತ್ರಗಳನ್ನು. ಒಂದು ಹಾಡಿಗೆ ಕಳ್ಳ ಸ್ಟ್ರೀಮ್ ವಿಪರೀತ ಬಂದಿದೆ ಅಂತ ಗೊತ್ತಾದರೆ ಸ್ಪಾಟಿಫೈ 2024ರಿಂದ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ. ಅವರು ಆ ದಂಡವನ್ನು ಹಾಡುಗಾರರ ತಲೆಗೇ ಕಟ್ಟುತ್ತಾರೆ, ಇಲ್ಲವೇ ಹಾಡನ್ನೇ ಕಿತ್ತು ಹಾಕುತ್ತಾರೆ. ನಿಜವಾಗಿ ಕೇಳಿದ 3 ಲಕ್ಷವೂ ಅದರ ಜತೆ ಹೋಗುತ್ತದೆ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ನನಗೆ ಕಾಂಟ್ರಾಕ್ಟ್‌ಗಿಂತ ಜಾಸ್ತಿ ಚಿಂತೆ ನವೆಂಬರ್‌ದು. 26 ತುಂಬಿದರೆ ನಿಮ್ಮ ಆರೋಗ್ಯ ವಿಮೆಯಿಂದ ಅವಳು ಹೊರಗೆ. ಹುಟ್ಟಿದ ದಿನಕ್ಕೋ ತಿಂಗಳ ಕೊನೆಗೋ ಅಂತ ನಿಮ್ಮ ಕಂಪನಿಯಲ್ಲಿ ಕೇಳಿ. ಅಲ್ಲಿಂದ 60 ದಿನದೊಳಗೆ ಸರ್ಕಾರದ ವಿಮೆ ಮಾರುಕಟ್ಟೆಯಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ಅವಳೇ ವಿಮೆ ತೆಗೆದುಕೊಳ್ಳಬೇಕು. ಇಲ್ಲೊಂದು ಕೊಕ್ಕೆ ಇದೆ. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆಯನ್ನು ಟೆಕ್ಸಸ್ ರಾಜ್ಯ ವಿಸ್ತರಿಸಿಲ್ಲ. ಮಕ್ಕಳಿಲ್ಲದ ಒಂಟಿ ವ್ಯಕ್ತಿಯ ಆದಾಯ ಬಡತನದ ರೇಖೆಗಿಂತ, ಅಂದರೆ ವರ್ಷಕ್ಕೆ ಸುಮಾರು 16,000 ಡಾಲರ್‌ಗಿಂತ ಕಡಿಮೆ ಆದರೆ, ಅತ್ತ ಮೆಡಿಕೇಡೂ ಇಲ್ಲ, ಇತ್ತ ಮಾರ್ಕೆಟ್‌ಪ್ಲೇಸ್ ಸಹಾಯಧನವೂ ಇಲ್ಲ. ಅಂದರೆ ‘ಪೂರ್ತಿ ಹಾಡಿಗೇ ಇಳಿಯುತ್ತೇನೆ’ ಅಂತ ಕಾಫಿ ಅಂಗಡಿ ಬಿಟ್ಟರೆ ಅವಳು ಆ ಗುಂಡಿಗೆ ಬೀಳುತ್ತಾಳೆ. ವಾರಕ್ಕೆ 25 ಗಂಟೆಯ ಆ ಕೆಲಸ ಅವಮಾನ ಅಂತ ನೀವಿಬ್ಬರೂ ಅಂದುಕೊಂಡಿರಬಹುದು. ನನ್ನ ಲೆಕ್ಕದಲ್ಲಿ ಅದು ಅವಳ ಕಾಲ ಕೆಳಗಿನ ಕಲ್ಲು. ಆಸ್ಟಿನ್‌ನಲ್ಲಿ ಕಡಿಮೆ ಆದಾಯದ ಸಂಗೀತಗಾರರಿಗೆ ವಿಮೆ, ಚಿಕಿತ್ಸೆ ಕೊಡಿಸಲು ನೆರವಾಗುವ ಹ್ಯಾಮ್ ಅನ್ನುವ ಸಂಸ್ಥೆ 2005ರಿಂದ ಇದೆ. ನವೆಂಬರ್‌ಗೆ ಕಾಯದೆ ಈಗಲೇ ಹೋಗಿ ಕೇಳಲಿ. ಅಮೆರಿಕದಲ್ಲಿ ಹಾಡುಗಾರರು ಮುಳುಗುವುದು ಆಲ್ಬಮ್ ಸೋತು ಅಲ್ಲ. ಒಂದು ಅಪೆಂಡಿಕ್ಸ್ ಆಪರೇಷನ್ ಬಿಲ್‌ಗೆ ಮುಳುಗಿದವರನ್ನು ನಾನು ನೋಡಿದ್ದೇನೆ.

ಈಗ ಏನು ಮಾಡಬಹುದು? ಇದ್ದ ಹಾಗೇ ಸಹಿ ಹಾಕುವುದು ಒಂದು. ಕೈಗೆ ಸ್ವಲ್ಪ ಹಣ, ಹೆಸರಿನ ಹಿಂದೆ ಒಂದು ಲೇಬಲ್, ಪ್ರಚಾರಕ್ಕೆ ಜನ ಸಿಗುತ್ತಾರೆ. ಬದಲಿಗೆ ಮೂರು ಆಲ್ಬಮ್‌ವರೆಗೆ ಕೈ ಕಟ್ಟಿಹೋಗುತ್ತದೆ. ನಾನು ಹಾಕಿಸುವುದಿಲ್ಲ. ಇದ್ದ ಹಾಗೆ ತನ್ನ ಪಾಡಿಗೆ ಮುಂದುವರಿಯುವುದು ಇನ್ನೊಂದು. ಕೆಲಸ ಇಟ್ಟುಕೊಂಡು, 3,000-4,000 ಡಾಲರ್‌ನಲ್ಲಿ ನಾಲ್ಕೈದು ಹಾಡು ಮಾಡಿ, ತಿಂಗಳಿಗೆ ಎರಡೋ ಮೂರೋ ಮನೆ ಕಛೇರಿ. ಆಸ್ತಿ ಎಲ್ಲೂ ಹೋಗುವುದಿಲ್ಲ. ಆದರೆ ನಿಧಾನ, ಬಹಳ ನಿಧಾನ. ಹಗಲು ಕಾಫಿ, ರಾತ್ರಿ ಹಾಡು, ನಡುವೆ ಮೈಲುಗಟ್ಟಲೆ ಕಾರು ಓಡಿಸುವುದು. ಮೂರನೇ ನಾಲ್ಕನೇ ವರ್ಷಕ್ಕೆ ಬಳಲಿ ಬಿಟ್ಟವರೇ ಜಾಸ್ತಿ, ಸುಳ್ಳು ಹೇಳುವುದಿಲ್ಲ.

ನಾನು ಮೊದಲು ಪ್ರಯತ್ನಿಸಿ ಅನ್ನುವುದು ಮೂರನೆಯದನ್ನು. ಅದೇ ಲೇಬಲ್‌ಗೆ ವಾಪಸ್ ಬರೆಯುವುದು. ಕ್ರಯ ಬೇಡ, ಈ ಒಂದು ಆಲ್ಬಮ್ ಮಾತ್ರ 7 ವರ್ಷ ಗುತ್ತಿಗೆ. ಅಡ್ವಾನ್ಸ್ 6,000 ಸಾಕು. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅರ್ಧ. ಒಂದು ವರ್ಷದಲ್ಲಿ ಬಿಡುಗಡೆ ಮಾಡದಿದ್ದರೆ ಎಲ್ಲ ವಾಪಸ್. ಲೆಕ್ಕ ಕೇಳುವ ಹಕ್ಕು. ಕಾರ್ಯಕ್ರಮದ ಹಣ, ಟೀಶರ್ಟ್ ಹಣಕ್ಕೆ ಅವರ ಕೈ ಬರಬಾರದು. ಸಣ್ಣ ಲೇಬಲ್‌ಗಳಲ್ಲಿ ಇಂಥ ಅರ್ಧ ಅರ್ಧದ ಕರಾರು ಹೊಸದೇನಲ್ಲ. ಅವರು ಒಪ್ಪಿದರೆ ಅವಳಿಗೆ ಒಳ್ಳೆಯ ಜತೆಗಾರರು ಸಿಕ್ಕಂತೆ. 10 ದಿನದ ಗಡುವು ಮುಗಿಯಿತು ಅಂತ ಮುಖ ತಿರುಗಿಸಿದರೆ ಹೋಗಲಿ ಬಿಡಿ.

ನಿಮ್ಮ 60,000ಕ್ಕೆ ನನ್ನ ಉತ್ತರ ಬೇಡ ಅಂತಲೇ. ಅಷ್ಟು ದುಡ್ಡು ತಲೆಯ ಮೇಲಿದ್ದರೆ ಅವಳು ಬರೆಯುವ ಪ್ರತಿ ಹಾಡೂ ನಿಮ್ಮ ಮನೆ ಕಂತಿನ ಮುಖ ನೋಡಿಕೊಂಡು ಹುಟ್ಟುತ್ತದೆ. ಅವಳ ಅಮ್ಮನಿಗೆ ಒಂದು ಮಾತು: ನಿಮ್ಮ ಭಯ ತಪ್ಪಲ್ಲ. ಆದರೆ ಡಿಗ್ರಿ ಎಲ್ಲೂ ಓಡಿಹೋಗುವುದಿಲ್ಲ. ಮಗಳ ಜತೆ ಕೂತು ಎರಡೋ ಮೂರೋ ವರ್ಷಕ್ಕೆ ಒಂದು ದಿನಾಂಕ ಗೊತ್ತು ಮಾಡಿಕೊಳ್ಳಿ. ಆ ದಿನ ಖಾತೆ ಪುಸ್ತಕ ತೆರೆದು ಮೂವರೂ ನೋಡಿ. ಅಲ್ಲಿಯವರೆಗೆ ಊಟದ ಹೊತ್ತಿನಲ್ಲಿ ಈ ಮಾತು ಬೇಡ.

ಹಾಗೂ ಏನಾದರೂ ಕೊಡಲೇಬೇಕು ಅನ್ನಿಸಿದರೆ, ನವೆಂಬರ್‌ನಿಂದ ಒಂದು ವರ್ಷದ ವಿಮೆ ಕಂತು ಕೊಡಿ. ಈ ವಾರವೇ ಸಂಗೀತದ ಕಾಂಟ್ರಾಕ್ಟ್ ಓದಿ ಗೊತ್ತಿರುವ ವಕೀಲರ ಫೀಸು ಕೊಡಿ. ಮನೆ ಕೊಳ್ಳುವಾಗ ಕಾಗದ ನೋಡಿದ ವಕೀಲರು ಬೇಡ. ಆದಾಯ ಕಡಿಮೆ ಇರುವ ಕಲಾವಿದರಿಗೆ ಟೆಕ್ಸಸ್‌ನಲ್ಲಿ ಟಾಲಾ ಅನ್ನುವ ಸಂಸ್ಥೆ ಫೀಸು ತೆಗೆದುಕೊಳ್ಳದ ವಕೀಲರನ್ನು ಹುಡುಕಿಕೊಡುತ್ತದೆ, ಅಲ್ಲೂ ಅರ್ಜಿ ಹಾಕಲಿ. ಲೇಬಲ್‌ಗೆ ಇವತ್ತೇ ಒಂದು ಸಾಲು ಬರೆದುಬಿಡಿ: ವಕೀಲರು ನೋಡುತ್ತಿದ್ದಾರೆ, ಇನ್ನೂ ಮೂರು ವಾರ ಬೇಕು. ಅದಕ್ಕೆ ಅವರು ಏನು ಉತ್ತರ ಬರೆಯುತ್ತಾರೋ ನೋಡಿ. ಎಂಥವರು ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ.